ವರ್ಷದ ಆಳು, ಮುಂಗಡ ಹಣ ಮತ್ತು ಕಾನೂನು



ಯುಗಾದಿ ಬಂತೆಂದರೆ ನಮ್ಮ ಅನೇಕ ಹಳ್ಳಿಗಳಲ್ಲಿ ವರ್ಷದ ಆಳುಗಳನ್ನು ಗೊತ್ತು ಮಾಡಿಕೊಳ್ಳುವ ಕಾಲ. ಆಳಾಗಿ ಬರುವವನಿಗೆ ಮಗಳ ಮದುವೆಯೋ, ಮನೆಯವರ ಕಾಯಿಲೆಯೋ, ಹಳೆಯ ಕೈಸಾಲವೋ ಇರುತ್ತದೆ, ಮುಂಗಡ ಕೇಳುತ್ತಾನೆ. ರೈತನಿಗೆ ಕೊಟ್ಟಿಗೆ, ನೀರು, ಉಳುಮೆ ನೋಡಿಕೊಳ್ಳಲು ನಂಬಿಕೆಯ ಆಳು ಬೇಕು, ಕೊಡುತ್ತಾನೆ. ಇಷ್ಟರಲ್ಲಿ ತಪ್ಪೇನೂ ಇಲ್ಲ. ಆದರೆ "ಹಣ ತೀರುವವರೆಗೆ ಬೇರೆ ಕಡೆ ದುಡಿಯುವಂತಿಲ್ಲ" ಎಂಬ ಕರಾರು ಸೇರಿತೆಂದರೆ, ಅದೇ ಮುಂಗಡ ಜೀತದ ಸಾಲವಾಗುತ್ತದೆ. ಈ ವ್ಯತ್ಯಾಸವನ್ನು ಹೆಚ್ಚು ಜಮೀನುಳ್ಳವರೂ, ಎರಡು ಎಕರೆ ರೈತರೂ ತಿಳಿದಿರಬೇಕು. ಕಾನೂನಿನ ಮುಂದೆ ಇಬ್ಬರೂ ಒಂದೇ.

ಜೀತವೆಂದರೆ ಯಾವುದು?

ಜೀತ ಕಾರ್ಮಿಕ ಪದ್ಧತಿ (ರದ್ದತಿ) ಕಾಯ್ದೆ ೧೯೭೬ರಲ್ಲಿ ಬಂದಿತು. ೧೯೭೫ರ ಅಕ್ಟೋಬರ್ ೨೫ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ದೇಶದ ನಾನಾ ಭಾಗಗಳ ಪದ್ಧತಿಗಳನ್ನು ಅದರಲ್ಲಿ ಹೆಸರಿಸಿದ್ದು, ನಮ್ಮ 'ಜೀತ'ವೂ ಅವುಗಳಲ್ಲಿ ಒಂದು. ಪಡೆದ ಮುಂಗಡದ ಕಾರಣದಿಂದ ಕೆಳಗಿನ ಯಾವುದಾದರೂ ಒಂದು ನಡೆದರೂ ಅದು ಜೀತವೇ:

೧. ಸಂಬಳವಿಲ್ಲದೆ, ಅಥವಾ ಹೆಸರಿಗಷ್ಟೇ ಸಂಬಳ ಪಡೆದು ದುಡಿಯುವುದು. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆಯದು ಹೆಸರಿಗಷ್ಟೇ ಸಂಬಳ.

೨. ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಕಳೆದುಕೊಳ್ಳುವುದು.

೩. ಇಷ್ಟಬಂದ ಊರಿಗೆ ಹೋಗಿಬರುವ ಸ್ವಾತಂತ್ರ್ಯ ಕಳೆದುಕೊಳ್ಳುವುದು.

೪. ತನ್ನ ವಸ್ತುವನ್ನಾಗಲಿ ದುಡಿಮೆಯನ್ನಾಗಲಿ ಪೇಟೆಯ ಬೆಲೆಗೆ ಮಾರುವ ಹಕ್ಕು ಕಳೆದುಕೊಳ್ಳುವುದು.

ತಂದೆಯ ಸಾಲಕ್ಕೆ ಮಗ, ಗಂಡನ ಸಾಲಕ್ಕೆ ಹೆಂಡತಿ ದುಡಿಯಬೇಕಾಗಿ ಬಂದರೂ ಅದು ಜೀತ. "ಅವನೇ ಒಪ್ಪಿದ್ದಾನೆ, ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದಾನೆ" ಎಂಬ ಸಮಾಧಾನ ಬೇಡ. ಅಂಥ ಕರಾರು ಅಸಿಂಧು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ ೨೩ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸರ್ವೋಚ್ಚ ನ್ಯಾಯಾಲಯ ೧೯೮೨ರಲ್ಲಿ ತೀರ್ಪು ಕೊಟ್ಟಿದೆ.

ಆಗುವ ನಷ್ಟ

ಜೀತಕ್ಕೆ ಇಟ್ಟುಕೊಂಡವರಿಗೂ, ಜೀತದ ಸಾಲ ಕೊಟ್ಟವರಿಗೂ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ೨,೦೦೦ ರೂ.ವರೆಗೆ ದಂಡವಿದೆ. ಸಾಲ ಪೂರ್ತಿ ರದ್ದಾಗುತ್ತದೆ. ರದ್ದಾದ ಸಾಲಕ್ಕೆ ಹಣ ವಸೂಲು ಮಾಡಿದರೆ ಅದು ಇನ್ನೊಂದು ಅಪರಾಧ. ದುಡಿಮೆಯ ಭಾಗವಾಗಿ ಆಳಿಗೆ ಬಿಟ್ಟುಕೊಟ್ಟ ಮನೆಯಿಂದ ಅವನನ್ನು ಒಕ್ಕಲೆಬ್ಬಿಸುವಂತಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಆ ವರ್ಗಕ್ಕೆ ಸೇರದವರು ಜೀತಕ್ಕಿಟ್ಟರೆ, ೧೯೮೯ರ ದೌರ್ಜನ್ಯ ತಡೆ ಕಾಯ್ದೆಯಂತೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು.

ಇನ್ನೊಂದು ಮಾತು ಮುಖ್ಯ. "ಇದು ಜೀತದ ಸಾಲ" ಎಂದು ಆಳು ದೂರಿದಾಗ, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದೇ. ಬಾಯಿಮಾತಿನ ಲೆಕ್ಕ ಅಲ್ಲಿ ನಿಲ್ಲದು.

ಆಳನ್ನು ಗೊತ್ತು ಮಾಡುವ ಸರಿಯಾದ ಕ್ರಮ

೧. ಮೊದಲು ಸಂಬಳ ಗೊತ್ತಾಗಲಿ, ಆಮೇಲೆ ಮುಂಗಡ. ಕೃಷಿ ಕೆಲಸದ ಕನಿಷ್ಠ ವೇತನ ಆಗಾಗ ಬದಲಾಗುವುದರಿಂದ ಆ ವರ್ಷದ ದರವನ್ನು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಒಂದೇ ಕೆಲಸಕ್ಕೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ.

೨. ತಿಂಗಳ ಸಂಬಳವನ್ನು ಮುಂದಿನ ತಿಂಗಳ ೭ನೆಯ ತಾರೀಖಿನೊಳಗೆ ಕೊಡಿ. ದಿನಗೂಲಿಯನ್ನು ಆ ದಿನದ ಕೆಲಸ ಮುಗಿದಾಗಲೇ ಕೊಡಿ.

೩. ಮುಂಗಡಕ್ಕೆ ಬಡ್ಡಿ ಹಾಕಬೇಡಿ. ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪವೇ ಹಿಡಿಯಿರಿ. ೨೦೧೯ರ ವೇತನ ಸಂಹಿತೆಯಂತೆ ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಬಾರದು.

೪. ಎರಡು ಲೆಕ್ಕದ ಪುಸ್ತಕ ಇಡಿ. ಒಂದು ನಿಮ್ಮಲ್ಲಿ, ಒಂದು ಆಳಿನಲ್ಲಿ. ಪ್ರತಿ ತಿಂಗಳೂ ಓದಿ ಹೇಳಿ, ಇಬ್ಬರೂ ಸಹಿ ಮಾಡಿ.

೫. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕಗಳನ್ನು ಒತ್ತೆ ಇಟ್ಟುಕೊಳ್ಳಬೇಡಿ.

೬. ಹದಿನಾಲ್ಕು ವರ್ಷ ತುಂಬದ ಮಗುವನ್ನು ದನ ಕಾಯಲೂ ಆಳಾಗಿ ಇಟ್ಟುಕೊಳ್ಳುವಂತಿಲ್ಲ. ೨೦೧೬ರ ತಿದ್ದುಪಡಿಯಂತೆ ಇದಕ್ಕೆ ಆರು ತಿಂಗಳಿಂದ ಎರಡು ವರ್ಷ ಸೆರೆವಾಸ, ೨೦,೦೦೦ದಿಂದ ೫೦,೦೦೦ ರೂ. ದಂಡ, ಅಥವಾ ಎರಡೂ ಆಗಬಹುದು.

ನಡುವೆ ಬಿಟ್ಟು ಹೋದರೆ?

ರೈತರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಒಂದು ಉದಾಹರಣೆ ನೋಡಿ. ನೀವು ೧೨,೦೦೦ ರೂ. ಮುಂಗಡ ಕೊಟ್ಟು, ತಿಂಗಳಿಗೆ ೧,೦೦೦ ರೂ. ಹಿಡಿಯುತ್ತೀರಿ. ಏಳು ತಿಂಗಳ ಮೇಲೆ ಆಳು ಬಿಟ್ಟು ಹೊರಟ. ೭,೦೦೦ ರೂ. ತೀರಿದೆ, ೫,೦೦೦ ರೂ. ಬಾಕಿ. ಮೊದಲು, ಅವನಿಗೆ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಿ. ನಿಮ್ಮ ಮುಂಗಡದಲ್ಲಿ ಮೇಲೆ ಹೇಳಿದ ಯಾವ ಕಟ್ಟೂ ಇರದಿದ್ದರೆ, ಉಳಿದ ಬಾಕಿ ಸಾಮಾನ್ಯ ಕೈಸಾಲ. ಅದನ್ನು ಕೇಳಬಹುದು, ಕಂತು ಮಾಡಿಕೊಳ್ಳಬಹುದು, ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು. ಅವನನ್ನು ಎಳೆದು ತರುವುದು, ತಮ್ಮನನ್ನು ಬದಲಿಗೆ ಕೇಳುವುದು, ಅವನ ಆಡು-ಕುರಿ ಹಿಡಿದಿಡುವುದು ಮಾತ್ರ ಕೂಡದು. ಹೊಸ ಒಡೆಯ ಹಳೆಯ ಬಾಕಿ ತೀರಿಸಿ ಆಳನ್ನು ಕರೆದೊಯ್ಯುವ ರೂಢಿಯೂ ಒಳ್ಳೆಯದಲ್ಲ. ಅದರಿಂದ ಕಟ್ಟು ಬಿಚ್ಚುವುದಿಲ್ಲ, ಹಗ್ಗ ಕೈ ಬದಲಾಯಿಸುತ್ತದೆ ಅಷ್ಟೆ.

ಐದು ಸಾವಿರ ಮುಳುಗೀತೆಂಬ ಭಯ ಸಹಜ. ಅದಕ್ಕೆ ಮದ್ದು ಮುಂಗಡವನ್ನು ಚಿಕ್ಕದಾಗಿ ಇಡುವುದು, ಕಳೆದುಕೊಂಡರೂ ತಾಳಿಕೊಳ್ಳುವಷ್ಟನ್ನೇ ಕೊಡುವುದು. ಸರಿಯಾದ ಸಂಬಳ ಹೊತ್ತಿಗೆ ಸಿಗುವ ಮನೆಯನ್ನು ಆಳು ಸುಲಭವಾಗಿ ಬಿಡುವುದಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಹಳೆಯ ಲೆಕ್ಕವೇನಾದರೂ ನಡೆದು ಬಂದಿದ್ದರೆ ಮುಂದಿನ ಯುಗಾದಿಗೆ ಕಾಯಬೇಡಿ. ಆಳಿಗೆ ಅವನು ಸ್ವತಂತ್ರನೆಂದು ಇಂದೇ ತಿಳಿಸಿ, ತಹಶೀಲ್ದಾರರನ್ನೋ ಉಪವಿಭಾಗಾಧಿಕಾರಿಗಳನ್ನೋ ಕಾಣಿರಿ. ಜೀತ ವಿಮುಕ್ತರಿಗೆ ನೆರವಾಗಲು ಜಿಲ್ಲೆಯಲ್ಲೂ ಉಪವಿಭಾಗದಲ್ಲೂ ಜಾಗೃತಿ ಸಮಿತಿಗಳಿರಬೇಕೆಂದು ಕಾಯ್ದೆಯೇ ವಿಧಿಸಿದೆ.