ಹಸುವಿಗಿಂತ ಮೊದಲು ಹುಲ್ಲು

ಹೈನುಗಾರಿಕೆಗೆ ಹೊಸದಾಗಿ ಇಳಿಯುವವರು ಸಾಲ ತೆಗೆದು ಕೊಟ್ಟಿಗೆ ಕಟ್ಟಿಸುತ್ತಾರೆ, ಆಮೇಲೆ ಹಸು ತರುತ್ತಾರೆ. ಮೇವಿನ ಯೋಚನೆ ಬರುವುದು ಕೊನೆಗೆ. ಮೊದಲು ಹುಲ್ಲು ನೆಡಿ. ನೇಪಿಯರ್ ಮೊದಲ ಕೊಯ್ಲಿಗೆ ಬರಲು ಸುಮಾರು 75 ದಿನ ಬೇಕು; ಮಿಶ್ರತಳಿ ಹಸುವೊಂದು ದಿನಕ್ಕೆ 25-30 ಕೆಜಿ ಹಸಿಮೇವು ತಿನ್ನುತ್ತದೆ. ಎಲ್ಲವನ್ನೂ ಕೊಂಡೇ ಹಾಕಿದರೆ ಡೇರಿಯ ಬಟವಾಡೆ ಬೂಸಾ ಅಂಗಡಿಗೇ ಹೋದೀತು.

ಸಂತೆಯಲ್ಲಿ ದೊಡ್ಡ ಕೆಚ್ಚಲು ಕಂಡು ಮರುಳಾಗಬೇಡಿ. ಒಂದು ಹೊತ್ತು ಕರೆಯದೆ ತಂದಿದ್ದರೂ ಕೆಚ್ಚಲು ಹಾಗೆಯೇ ಕಾಣುತ್ತದೆ! ಮಾರುವವರ ಮನೆಗೇ ಹೋಗಿ, ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ ಎದುರಿಗೇ ಕರೆಸಿ ಅಳೆಯಿರಿ. ನಾಲ್ಕೂ ಮೊಲೆಯ ಹಾಲು ಬೇರೆಬೇರೆಯಾಗಿ ನೋಡಿ.

ಹತ್ತು ಹಸು ಒಟ್ಟಿಗೆ ಬೇಡ. ಎರಡು ತನ್ನಿ, ಕೆಲವು ತಿಂಗಳು ಬಿಟ್ಟು ಇನ್ನೆರಡು. ಗಬ್ಬದ ಕೊನೆಯ 60 ದಿನ ಹಾಲು ಬತ್ತಿಸಲೇಬೇಕು; ಎಲ್ಲವೂ ಒಟ್ಟಿಗೆ ಬತ್ತಬಾರದು. ಆಗಿನ ಸಾಲದ ಕಂತಿಗೆ, ಮೇವಿಗೆ ಹಣ ಈಗಲೇ ತೆಗೆದಿಡಿ.