ಮೇಲಿನವರಿಲ್ಲದ ಸಭೆಯ ಕಾಗದಪತ್ರ

ಬ್ಯಾಪ್ಟಿಸ್ಟರಿಗೆ ಬಿಷಪ್ ಇಲ್ಲ. ಒಂದು ಊರಿನ ಸಭೆಯ ಮೇಲೆ ಇನ್ನೊಂದು ಊರಿನ ಸಭೆಯ ಯಜಮಾನಿಕೆ ನಡೆಯುವುದಿಲ್ಲ. ಪಾಸ್ಟರನ್ನು ಆರಿಸುವವರು ಸಭೆಯವರೇ, ಸಂಬಳ ಕೊಡುವವರೂ ಅವರೇ, ಲೆಕ್ಕ ಕೇಳುವವರೂ ಅವರೇ. ಕಲಬುರಗಿ, ಬೀದರ್ ಕಡೆಯ ಜನರಿಗೆ ಹಿಂದಿನಿಂದ ಗೊತ್ತಿರುವುದು ಮೆಥೊಡಿಸ್ಟ್ ಚರ್ಚು. ಅಲ್ಲಿ ಬಿಷಪ್ ಇದ್ದಾರೆ, ಜಿಲ್ಲಾ ಮೇಲ್ವಿಚಾರಕರಿದ್ದಾರೆ, ಪಾಸ್ಟರುಗಳಿಗೆ ವರ್ಗಾವಣೆ ಇದೆ. ಹಾಗಾಗಿ ಆಳಂದ ತಾಲ್ಲೂಕಿನ ಸರಸಂಬಾ ಭಾಗದ ಒಂದು ಸಣ್ಣ ಬ್ಯಾಪ್ಟಿಸ್ಟ್ ಸಭೆಯ ಬಾಗಿಲಿಗೆ 2022ರ ಮಳೆಗಾಲದ ಒಂದು ಶನಿವಾರ ರಾತ್ರಿ ಬೇರೆಯವರ ಬೀಗ ಬಿದ್ದಾಗ, ಮರುದಿನ ಬಂದ ಪೊಲೀಸರು ಮೊದಲು ಕೇಳಿದ್ದು, “ನಿಮ್ಮ ಬಿಷಪ್ ಯಾರ್ರಿ? ಅವರ ಲೆಟರ್ ತೋರಸ್ರಿ” ಎಂದು. ತೋರಿಸಲು ಲೆಟರೂ ಇರಲಿಲ್ಲ, ಬಿಷಪ್ಪರೂ ಇರಲಿಲ್ಲ.

ಆ ಸಭೆಯ ಕಾರ್ಯದರ್ಶಿ ಈ ಲೇಖಕ. ಊರಿನ ಹೆಸರನ್ನಾಗಲಿ ಮಂದಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಜಗಳ ಆಡಿದವರೂ ಆಡಿಸಿದವರೂ ಇವತ್ತಿಗೂ ಒಂದೇ ಓಣಿಯಲ್ಲಿದ್ದಾರೆ, ಒಂದೇ ನಳದಲ್ಲಿ ನೀರು ಹಿಡಿಯುತ್ತಾರೆ. ಆದರೆ ನಡೆದದ್ದನ್ನು ಹೇಳದೆ ಇರಲೂ ಆಗುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೀಗೆಯೇ ಕಾಗದಪತ್ರವಿಲ್ಲದೆ, ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿ ಕೂತು ಪ್ರಾರ್ಥನೆ ಮಾಡುವ ಸಭೆಗಳನ್ನು ಈ ಲೇಖಕ ಕಣ್ಣಾರೆ ಕಂಡಿದ್ದಾನೆ.

ಸಭೆಯನ್ನು ಕಟ್ಟಿದ್ದು ಯಾವ ಮಿಷನರಿಯೂ ಅಲ್ಲ. ತೊಗರಿ ರಾಶಿ ಮುಗಿದ ಮೇಲೆ ಈ ಭಾಗದವರು ಪುಣೆ, ಮುಂಬಯಿ, ಸೊಲ್ಲಾಪುರಕ್ಕೆ ದುಡಿಯಲು ಹೋಗುವುದು ಹಳೆಯ ರೂಢಿ. ಹಾಗೆ ಪುಣೆಗೆ ಗೌಂಡಿ ಕೆಲಸಕ್ಕೆ ಹೋದ ಒಬ್ಬರು ಅಲ್ಲಿನ ಬ್ಯಾಪ್ಟಿಸ್ಟ್ ಸಭೆಯೊಂದರಲ್ಲಿ ನಂಬಿಕೆಗೆ ಬಂದು, ದೀಕ್ಷಾಸ್ನಾನ ಪಡೆದು, ಮುಪ್ಪಿಗೆ ಊರಿಗೆ ಮರಳಿದರು. ಓಣಿಯ ಹುಡುಗರೆಲ್ಲ ಅವರನ್ನು ಮುತ್ಯಾ ಎನ್ನುತ್ತಿದ್ದರು, ಇಲ್ಲಿಯೂ ಹಾಗೆಯೇ ಕರೆಯಬಹುದು. ಮುತ್ಯಾ ಪುಣೆಯಲ್ಲಿ ಉಳಿಸಿದ ದುಡ್ಡಿನಲ್ಲಿ ಊರೊಳಗೆ ಒಂದು ಖುಲ್ಲಾ ಜಾಗ ಕೊಂಡಿದ್ದರು. ಅದರ ಮೂಲೆಯಲ್ಲಿ ತಗಡಿನ ಚಪ್ಪರ ಹಾಕಿ, ರವಿವಾರ ನಾಲ್ಕು ಮನೆಯವರನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸುತ್ತಿದ್ದರು. ಅರ್ಧ ಹಾಡು ಮರಾಠಿ, ಅರ್ಧ ಹಾಡು ಕನ್ನಡ.

ಈ ದಾರಿ ಹೊಸದೇನಲ್ಲ. ದಕ್ಷಿಣ ಭಾರತದಲ್ಲಿ ಬ್ಯಾಪ್ಟಿಸ್ಟರ ದೊಡ್ಡ ಸಭೆಗಳು ಎದ್ದದ್ದು ತೆಲುಗು ನಾಡಿನಲ್ಲಿ, ಅಲ್ಲಿಯೂ ಬೀಜ ಬಿತ್ತಿದವರು ತಿರುಗಾಡಿ ಬದುಕುವ ಸಾಮಾನ್ಯ ಜನ. ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ 1840ರಲ್ಲಿ ನೆಲ್ಲೂರಿನಲ್ಲಿ ನೆಲೆಯೂರಿತು. ಇಪ್ಪತ್ತೈದು ವರ್ಷ ದುಡಿದರೂ ಕೂಡಿದ ಜನ ಅತ್ಯಲ್ಪ. ಮಿಷನ್ನನ್ನೇ ಮುಚ್ಚಿಬಿಡೋಣ ಎಂಬ ಮಾತು ಅಮೆರಿಕದಲ್ಲಿ ಒಂದಕ್ಕಿಂತ ಹೆಚ್ಚು ಸಲ ಎದ್ದಿತ್ತು. 1867ರ ಜನವರಿ 1ರಂದು ಒಂಗೋಲಿನಲ್ಲಿ ಸಭೆ ಸ್ಥಾಪಿಸಿದಾಗ ಇದ್ದದ್ದು ಎಂಟೇ ಸದಸ್ಯರು. ಅದನ್ನು ಹಳ್ಳಿಹಳ್ಳಿಗೆ ಒಯ್ದವರು ಚರ್ಮದ ವ್ಯಾಪಾರಕ್ಕಾಗಿ ಊರೂರು ಅಲೆಯುತ್ತಿದ್ದ ಯರ್ರಗುಂಟ್ಲ ಪೇರಯ್ಯ. ಮಾದಿಗ ಕೇರಿಗಳಲ್ಲಿ ಅವರ ಮಾತಿಗೆ ಇದ್ದ ತೂಕ ದೊರೆ ಪಾದ್ರಿಯ ಮಾತಿಗೆ ಇರಲಿಲ್ಲ.

ಆಮೇಲೆ ಬಂದದ್ದು 1876–78ರ ಬರ, ಹಳೆ ಮೈಸೂರಿನವರು ಧಾತು ಈಶ್ವರ ಬರ ಎಂದು ನೆನೆಯುವುದು ಇದನ್ನೇ. ಒಂಗೋಲಿನ ಪಾದ್ರಿ ಜಾನ್ ಎವರೆಟ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆತದ ಗುತ್ತಿಗೆ ಹಿಡಿದು, ಹಸಿದವರಿಗೆ ಕೂಲಿ ಕೊಟ್ಟರು. ಕೂಲಿಗೆ ಬಂದವರು ದೀಕ್ಷಾಸ್ನಾನ ಕೇಳಿದರೆ ಕೊಡಲಿಲ್ಲ. ಅನ್ನದ ಆಸೆಗೆ ಬಂದರು ಎಂಬ ಮಾತು ಬರಬಾರದೆಂದು ಹದಿನೈದು ತಿಂಗಳು ಒಬ್ಬರಿಗೂ ಕೊಡಲಿಲ್ಲ. ಪರಿಹಾರದ ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ನೀರಿಗೆ ಇಳಿದವರು ಆರು ಮಂದಿ ತೆಲುಗು ಬೋಧಕರು, ಒಂದು ಸಲಕ್ಕೆ ಇಬ್ಬರಂತೆ. ಕ್ಲೌ ಅಂದು ತಮ್ಮ ಕೈಯಿಂದ ಯಾರಿಗೂ ಕೊಡಲಿಲ್ಲ. ಈ ಲೇಖಕನ ಮಟ್ಟಿಗೆ 2,222 ಎಂಬ ಲೆಕ್ಕಕ್ಕಿಂತ ಆ ಹದಿನೈದು ತಿಂಗಳ ತಡೆಯೇ ದೊಡ್ಡದು.

ಮುತ್ಯಾ ಈ ಕಥೆಯನ್ನು ಪುಣೆಯಲ್ಲಿ ಕೇಳಿ ಬಂದಿದ್ದರು. ಅದಕ್ಕೇ ಇಲ್ಲಿಯೂ ಅವಸರ ಮಾಡಲಿಲ್ಲ. ಬ್ಯಾಪ್ಟಿಸ್ಟರಲ್ಲಿ ಕೂಸುಗಳಿಗೆ ನೀರು ಚಿಮುಕಿಸುವ ಪದ್ಧತಿ ಇಲ್ಲ. ಬುದ್ಧಿ ತಿಳಿದವರು ತಾವಾಗಿ ಕೇಳಬೇಕು, ಪೂರ್ತಿ ನೀರಲ್ಲಿ ಮುಳುಗಿ ಏಳಬೇಕು. ಕೇಳಿದವರನ್ನು ವರ್ಷಗಟ್ಟಲೆ ಕಾಯಿಸಿದ್ದುಂಟು. ಕುಡಿತ ಬಿಡದವನಿಗೆ, ಹೆಂಡತಿಗೆ ಹೊಡೆಯುವವನಿಗೆ, “ಮೊದಲ ಮನ್ಯಾಗ ಬದಲಾಗು, ಆಮ್ಯಾಲ ನೀರಿಗಿ ಬಾ” ಎನ್ನುತ್ತಿದ್ದರು. ಅಮರ್ಜಾ ಜಲಾಶಯದ ಅಂಚಿನಲ್ಲಿ ಮೊದಲ ದೀಕ್ಷಾಸ್ನಾನವಾದ ದಿನ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಮುತ್ಯಾ ಒಂದು ಉದ್ದನೆಯ ವಹಿಯಲ್ಲಿ ಪ್ರತಿಯೊಬ್ಬರ ಹೆಸರು, ವಯಸ್ಸು, ತಾರೀಖು ಬರೆಸಿದರು. ಓದುಬರಹ ಬಾರದವರ ಹೆಬ್ಬೆಟ್ಟು ಒತ್ತಿಸಿ, ಇಬ್ಬರ ಸಾಕ್ಷಿ ಹಾಕಿಸಿದರು. ಆ ವಹಿ ಮುಂದೆ ಸಭೆಯನ್ನು ಉಳಿಸಿತು.

ಸಭೆ ಬೆಳೆಯಿತು. ತಗಡಿನ ಚಪ್ಪರದ ಜಾಗದಲ್ಲಿ ಕಲ್ಲಿನ ಗೋಡೆ ಎದ್ದಿತು, ನೆಲಕ್ಕೆ ಶಹಾಬಾದಿ ಪರಸಿ ಬಿತ್ತು. ಗೌಂಡಿಗಳೇ ತುಂಬಿದ ಸಭೆಯಾದ್ದರಿಂದ ಕೂಲಿ ಖರ್ಚಿಲ್ಲ. ಮನೆಗೊಂದು ಚೀಲ ಸಿಮೆಂಟ್ ಎಂದು ನಿಶ್ಚಯವಾಯಿತು. ಕೊಡಲಾಗದವರು ತೊಗರಿ ಕೊಟ್ಟರು. ಜೆಸ್ಕಾಂ ಮೀಟರ್ ಸಭೆಯ ಹೆಸರಿನಲ್ಲಿ ಬಂತು, ಪಂಚಾಯಿತಿ ಕರದ ರಸೀದಿಯೂ ಸಭೆಯ ಹೆಸರಿನಲ್ಲೇ ಬಂತು. ಜಾಗ ಮಾತ್ರ ಮುತ್ಯಾನ ಹೆಸರಿನಲ್ಲೇ ಉಳಿಯಿತು.

ಇಲ್ಲಿ ಈ ಲೇಖಕ ತನ್ನ ಮಾತೊಂದನ್ನು ದಾಖಲಿಸಲೇಬೇಕು. ಗೋಡೆ ಏಳುವ ಮೊದಲೇ, ಜಾಗವನ್ನು ದಾನಪತ್ರ ಮಾಡಿ ನೋಂದಣಿ ಮಾಡಿಸಿಬಿಡೋಣ ಎಂದು ಹಿರಿಯರ ಕೂಟದಲ್ಲಿ ಹೇಳಿದವನು ಅವನೇ. ಒಮ್ಮೆಯಲ್ಲ, ಪ್ರತಿ ವರ್ಷದ ಲೆಕ್ಕಪತ್ರದ ದಿನವೂ ಹೇಳಿದ. ಹಿರಿಯರಿಗೆ ಸಿಟ್ಟು ಬರುತ್ತಿತ್ತು. “ದೇವರಿಗಿ ಕೊಟ್ಟಿದ್ದಕ್ಕ ಕಾಗದ ಯಾಕ ಬೇಕು ತಮ್ಮಾ? ನನ್ನ ಮಾತ ಅದ ಅಲ್ಲ” ಎನ್ನುತ್ತಿದ್ದರು ಮುತ್ಯಾ. ಅವರ ಮಾತು ಗಟ್ಟಿಯೇ, ಆದರೆ ಅದು ಅವರ ಉಸಿರಿರುವ ತನಕದ್ದು. ಸ್ಥಿರಾಸ್ತಿಯ ದಾನ ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು, ದಾನಿಯ ಸಹಿ ಮತ್ತು ಇಬ್ಬರ ಸಾಕ್ಷಿ ಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಕಲಂ ಹೇಳುತ್ತದೆ. ಮುತ್ಯಾ ತೀರಿಕೊಂಡರು, ಪತ್ರ ಆಗಲಿಲ್ಲ.

ಅವರ ಅಣ್ಣನ ಮಗ ಅದೇ ವರ್ಷ ಪಂಚಾಯಿತಿಗೆ ಅರ್ಜಿ ಹಾಕಿದ. ಮುತ್ಯಾನಿಗೆ ಹೆಂಡತಿ ಇದ್ದರು, ಪುಣೆಯಲ್ಲಿ ಮದುವೆಯಾದ ಮಗಳಿದ್ದಳು. ಅವರಿಬ್ಬರ ಹೆಸರನ್ನು ಬಿಟ್ಟ ವಂಶಾವಳಿಯೊಂದು ತಯಾರಾಯಿತು. ಸ್ಥಳಕ್ಕೆ ಬಂದು ನೋಡದೆ, ಒಬ್ಬರನ್ನೂ ಕೇಳದೆ, ಆಗಿನ ಅಧಿಕಾರಿ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಅವನ ಹೆಸರು ಏರಿಸಿಕೊಟ್ಟರು. ಅದೇ ಜಾಗದ ಕರವನ್ನು ಸಭೆಯಿಂದ ವಸೂಲಿ ಮಾಡಿ ರಸೀದಿ ಹರಿದುಕೊಟ್ಟದ್ದೂ ಅದೇ ಪಂಚಾಯಿತಿ. ಆ ಅಧಿಕಾರಿ ವರ್ಗವಾಗಿ ಹೋದರು. ಅವರ ಒಂದು ಸಹಿಗೆ ಇಡೀ ಓಣಿ ಬೆಲೆ ತೆತ್ತಿತು ಎಂಬ ಸಿಟ್ಟು ಈ ಲೇಖಕನಿಗೆ ಇನ್ನೂ ಆರಿಲ್ಲ.

ಆ ರವಿವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಮೊದಲು ಬಂದವರು ಕಸ ಹೊಡೆಯುವ ಪಾಳಿಯ ಇಬ್ಬರು ಹೆಣ್ಣುಮಕ್ಕಳು. ಬಾಗಿಲಿಗೆ ಹೊಸ ಬೀಗ, ಅದರ ಕೆಳಗೆ ಅಂಟಿಸಿದ್ದ ಜೆರಾಕ್ಸ್ ಪ್ರತಿಯಲ್ಲಿ ಇ-ಸ್ವತ್ತಿನ ನಮೂನೆ 9, ಅದರಲ್ಲಿ ಅಣ್ಣನ ಮಗನ ಹೆಸರು. ಒಬ್ಬೊಬ್ಬರಾಗಿ ಬಂದವರು ಬೈಬಲ್ಲನ್ನು ಸೆರಗಿನೊಳಗೆ, ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿಕೊಂಡು ರಸ್ತೆಯಲ್ಲೇ ನಿಂತರು. ಹುಡುಗರು ಬೀಗ ಒಡೆಯಲು ಕಲ್ಲು ಎತ್ತಿಕೊಂಡರು. ಪಾಸ್ಟರ್ ಇನ್ನೂ ಬಂದಿರಲಿಲ್ಲ. ಅವರು ಬೇರೆ ಊರಿನಿಂದ ಬಸ್ಸಿನಲ್ಲಿ ಬರಬೇಕು. ಬೀಗಕ್ಕೆ ಒಂದು ಏಟು ಬಿದ್ದಿದ್ದರೂ ಸಭೆಯವರೇ ಆರೋಪಿಗಳಾಗುತ್ತಿದ್ದರು. ಈ ಲೇಖಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸ್ವಂತ ತಮ್ಮನ ಮಗನೇ ಎದೆಗೆ ಕೈ ಹಾಕಿ ನೂಕಿದ. “ಕಾಕಾ, ನೀ ಅವರ ಕಡಿ ಅದಿಯೇನು?” ಎಂದ. ಆ ಮಾತು ತಗುಲಿದಷ್ಟು ಬೇರೆ ಯಾವುದೂ ತಗುಲಲಿಲ್ಲ.

ಅಷ್ಟರಲ್ಲಿ ಯಾರೋ ಫೋನ್ ಮಾಡಿ, ಇಲ್ಲಿ ಮತಾಂತರ ನಡೆದಿದೆ ಎಂದು ಹೇಳಿದ್ದರಿಂದ ಪೊಲೀಸರ ಜೀಪು ಬಂತು. ಮತಾಂತರದ ಬಗ್ಗೆ ಸರ್ಕಾರ ಆ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದಿತ್ತು. ಸೆಪ್ಟೆಂಬರಿನಲ್ಲಿ ಅದೇ ಕಾಯ್ದೆಯಾಯಿತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಕೊಡಬೇಕೆಂಬುದು ಅದರ ನಿಯಮ. (2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು.) ಬೀಗದ ತಕರಾರು ಬದಿಗೆ ಸರಿದು, ಯಾರು ಯಾವಾಗ ಸೇರಿದರು ಎಂಬ ಪ್ರಶ್ನೆ ಮುಂದೆ ಬಂತು. ಬಿಷಪ್ಪರ ಲೆಟರ್ ಕೇಳಿದ್ದು ಆಗಲೇ. ನಮ್ಮಲ್ಲಿ ಬಿಷಪ್ ಇರುವುದಿಲ್ಲ ಎಂದರೆ ನಂಬಿಕೆ ಬರಲಿಲ್ಲ. “ಮ್ಯಾಲಿನವ್ರು ಯಾರೂ ಇಲ್ಲಂದ್ರ ಇದು ಚರ್ಚು ಹ್ಯಾಂಗಾಯ್ತು?” ಎಂದರು. ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ಅವರಿಗೆ ತಿಳಿದಿರಲಿಲ್ಲ.

ಆಗ ಎದುರಿಗೆ ಬಂದವರು ಮುತ್ಯಾನ ಹೆಂಡತಿ. ವಹಿ ಅವರ ಮನೆಯ ಟ್ರಂಕಿನಲ್ಲಿತ್ತು. ಆಯಿ ಅದನ್ನು ಸೀರೆಯಲ್ಲಿ ಸುತ್ತಿ ತಂದು, ಜೀಪಿನ ಬಾನೆಟ್ ಮೇಲೆ ಬಿಚ್ಚಿಟ್ಟರು. ಸುಗ್ರೀವಾಜ್ಞೆ ಬರುವ ಎಷ್ಟೋ ವರ್ಷ ಮೊದಲಿನ ತಾರೀಖುಗಳು, ವಯಸ್ಸು, ಹೆಬ್ಬೆಟ್ಟು, ಸಾಕ್ಷಿ ಎಲ್ಲವೂ ಅದರಲ್ಲಿದ್ದವು. ಈ ಲೇಖಕ ಜೆಸ್ಕಾಂ ಬಿಲ್ಲು, ಪಂಚಾಯಿತಿ ರಸೀದಿ, ಕಾಣಿಕೆಯ ಲೆಕ್ಕದ ಪುಸ್ತಕ ತಂದಿಟ್ಟ. ಪೊಲೀಸರು ಪುಟ ತಿರುವಿದರು, ಆಯಿಯನ್ನು ನಾಲ್ಕು ಮಾತು ಕೇಳಿದರು. ಇದು ಸಿವಿಲ್ ತಕರಾರು, ಕೋರ್ಟಿಗೆ ಹೋಗ್ರಿ ಎಂದು ಎರಡೂ ಕಡೆಯವರಿಗೆ ಹೇಳಿ ಹೋದರು. ಅಂದಿನ ಆರಾಧನೆ ಆಯಿಯ ಪಡಸಾಲೆಯಲ್ಲಿ ನಡೆಯಿತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಆಳಂದದ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಸಿಕ್ಕಿತು. ಮುತ್ಯಾ ಸ್ವಂತ ಗಳಿಕೆಯಲ್ಲಿ ಕೊಂಡ ಜಾಗವಾದ್ದರಿಂದ, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ನೋಡಿದರೂ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನೋಡಿದರೂ ಹೆಂಡತಿ ಮತ್ತು ಮಗಳು ಇರುವಾಗ ಅಣ್ಣನ ಮಗನಿಗೆ ಪಾಲಿಲ್ಲ. ಪಂಚಾಯಿತಿ ತನ್ನ ನಮೂದನ್ನು ತಿದ್ದಿತು. ಮಗಳು ಪುಣೆಯಿಂದ ಬಂದಳು, ತಾಯಿ ಮಗಳು ಸೇರಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾನಪತ್ರಕ್ಕೆ ಸಹಿ ಹಾಕಿದರು. ಅದಕ್ಕೂ ಮೊದಲು ಸಭೆಯನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬೇಕಾಯಿತು. ದಾನ ಪಡೆಯುವವರಿಗೆ ಕಾನೂನಿನ ಕಣ್ಣಲ್ಲಿ ಒಂದು ಅಸ್ತಿತ್ವ ಬೇಕು. ‘ಸಭೆಯವರು’ ಎಂದು ಬರೆದರೆ ನಡೆಯುವುದಿಲ್ಲ.

ದೊಡ್ಡ ಸಂಸ್ಥೆಗಳಿಗೆ ಇದು ಮೊದಲಿನಿಂದ ಗೊತ್ತು. ರಾಯಚೂರಿನ ನೆರೆಯ ಮೆಹಬೂಬ್‌ನಗರದ ಕೆಲಸವನ್ನು ಅಮೆರಿಕನ್ ಬ್ಯಾಪ್ಟಿಸ್ಟರು 1937ರಲ್ಲಿ ಮೆನ್ನೊನೈಟ್ ಬ್ರದರನ್ ಮಿಷನ್‌ಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಹೆಬ್ಬಾಳದಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1973ರ ಜನವರಿಯಲ್ಲಿ ತೆರೆದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಆಡಳಿತ 1989ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೋಯಿತು. ಇಂಥ ಹಸ್ತಾಂತರದ ಕಾಗದಪತ್ರ ನೋಡಿಕೊಳ್ಳಲು ಅವರಿಗೆ ವಕೀಲರಿದ್ದರು, ಆಡಳಿತ ಮಂಡಳಿಗಳಿದ್ದವು. ಹಳ್ಳಿಯ ಬ್ಯಾಪ್ಟಿಸ್ಟ್ ಸಭೆಗೆ ಇರುವುದು ಅದರ ಸದಸ್ಯರು ಮಾತ್ರ. ಯಾರ ಕೈಕೆಳಗೂ ಇಲ್ಲದ ಸ್ವಾತಂತ್ರ್ಯವನ್ನು ಈ ಲೇಖಕ ಯಾವುದಕ್ಕೂ ಬಿಟ್ಟುಕೊಡಲಾರ. ಆದರೆ ಆ ಸ್ವಾತಂತ್ರ್ಯ ಬೇಕೆನ್ನುವವರು ಬಿಷಪ್ಪರ ಕಚೇರಿ ಮಾಡುವ ಕೆಲಸವನ್ನೂ ತಾವೇ ಮಾಡಬೇಕು.

ಮಾಡಬೇಕಾದದ್ದು ಬಹಳವಿಲ್ಲ. ಏಳು ಜನ ಸೇರಿದರೆ ಸಂಘ ನೋಂದಣಿಯಾಗುತ್ತದೆ. ಆಮೇಲೆ ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸುತ್ತಿರಬೇಕು. ಸಂಘ ಮೊದಲು, ದಾನಪತ್ರ ಆಮೇಲೆ. ಹೊಲದ ಜಾಗವಾದರೆ ಕಟ್ಟುವ ಮೊದಲು ಭೂಪರಿವರ್ತನೆ ಬೇಕು. ದೀಕ್ಷಾಸ್ನಾನದ ವಹಿಯನ್ನು ಪಾಸ್ಟರ್ ಮನೆಯಲ್ಲಿ ಮಾತ್ರ ಇಡದೆ, ಅದರ ಒಂದು ಪ್ರತಿಯನ್ನು ಬೇರೆ ಮನೆಯಲ್ಲೂ ಇಡಬೇಕು. ದಾನ ಕೊಟ್ಟವರ ಮಕ್ಕಳನ್ನು ಕರೆದು, ಅವರ ಎದುರಿಗೇ ಸಹಿ ಹಾಕಿಸಬೇಕು.

ಬಾಯಿಮಾತಿನ ಜಾಗದಲ್ಲಿ ಕೂತಿರುವ ಸಭೆಗಳ ಹಿರಿಯರಿಗೆ ಒಂದೇ ವಿನಂತಿ: ಜಾಗ ಕೊಟ್ಟವರು ಇನ್ನೂ ಇದ್ದರೆ, ಈ ವಾರವೇ ಅವರ ಮನೆಗೆ ಹೋಗಿ, ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ದಿನ ಗೊತ್ತುಮಾಡಿಕೊಂಡು ಬನ್ನಿ.