ಊರು ಕಡಿಮೆ ಮಾಡು, ದಿನ ಹೆಚ್ಚು ಮಾಡು

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ ಕಣೇ. ಹನ್ನೆರಡು ದಿನದಲ್ಲಿ ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಲೂಸರ್ನ್, ಇನ್ಸ್‌ಬ್ರುಕ್, ವೆನಿಸ್, ರೋಮ್. ಜೊತೆಗೆ ನಿಮ್ಮಪ್ಪ, ನಿಮ್ಮಮ್ಮ, ಎರಡು ಮಕ್ಕಳು. ಮನೆಮಂದಿಯೆಲ್ಲ ಮೊದಲ ಸಲ ಯುರೋಪಿಗೆ ಹೊರಟಿದ್ದೀರಿ, ಮತ್ತೆ ಯಾವ ಕಾಲಕ್ಕೋ ಏನೋ, ಹೋದದ್ದಕ್ಕೆ ಎಲ್ಲ ನೋಡಿಬಿಡೋಣ ಅನ್ನಿಸುವುದು ಸಹಜ. ಆದರೂ ಹೇಳುತ್ತೇನೆ, ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಊರು ಹೊಡೆದುಹಾಕು. ಮಗ, ಸೊಸೆ, ಮೊಮ್ಮಗನ ಜೊತೆ ನಾನೂ ನಿಮ್ಮ ಮಾವನೂ ಹೋಗಿಬಂದ ಮೇಲೆ ನನಗೆ ಗಟ್ಟಿಯಾಗಿ ಮನವರಿಕೆಯಾದದ್ದು ಇದು. ಮಿಕ್ಕ ಮಾತೆಲ್ಲ ಇದರ ಹಿಂದೆಯೇ ಬರುತ್ತವೆ.

ಗುಂಪಿನ ಪ್ರವಾಸದಲ್ಲಿ ಬೆಳಗ್ಗೆ ಯಾಕೆ ಅಷ್ಟು ಅವಸರ ಮಾಡುತ್ತಾರೆ ಗೊತ್ತಾ? ಯುರೋಪಿಯನ್ ಒಕ್ಕೂಟದ ಕಾನೂನಿನ ಪ್ರಕಾರ ಬಸ್ ಚಾಲಕ ಸಾಮಾನ್ಯವಾಗಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ಬಸ್ಸಿನಲ್ಲಿ ಕೂಡಿಸಿದ ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ, ಯಾರ ಮಾತಿಗೂ ಅದು ಬಗ್ಗುವುದಿಲ್ಲ. ಬಹಳ ಒಳ್ಳೆಯ ಕಾನೂನು, ನಮ್ಮಲ್ಲೂ ಇಷ್ಟೇ ಕಟ್ಟುನಿಟ್ಟಾಗಿ ನಡೆಯಬೇಕಾದದ್ದು. ಆದರೆ ದಿನಕ್ಕೊಂದು ದೇಶ ಅಂತ ಹೊರಟವರಿಗೆ ಅದರ ಪರಿಣಾಮ ಏನು? ನಿಮ್ಮಮ್ಮ ಸ್ನಾನ ಮುಗಿಸಿ ಬರುವುದು ಹತ್ತು ನಿಮಿಷ ತಡವಾದರೆ ಆ ಹತ್ತು ನಿಮಿಷ ರಸ್ತೆಯಲ್ಲಿ ವಾಪಸ್ ಸಿಗುವುದಿಲ್ಲ, ಊರು ನೋಡುವ ಹೊತ್ತಿನಿಂದಲೇ ಕಡಿತ. ಅದಕ್ಕೇ ಪ್ರವಾಸದ ಮುಖಂಡರು ಗಡಿಯಾರ ಹಿಡಿದು ನಿಲ್ಲುತ್ತಾರೆ. ಅವರದೂ ತಪ್ಪಲ್ಲ. ವಯಸ್ಸಾದವರಿಗೆ ಮಾತ್ರ ಪ್ರತಿದಿನವೂ ತಾವೇ ಎಲ್ಲರಿಗೂ ತೊಡಕಾಗಿದ್ದೇವೆ ಅನ್ನಿಸಲು ಶುರುವಾಗುತ್ತದೆ. ದುಡ್ಡು ಕೊಟ್ಟು ಅಪ್ಪ ಅಮ್ಮನಿಗೆ ಆ ಭಾವನೆ ತರಬಾರದು.

ನನ್ನ ಮಾತು ಕೇಳುವುದಾದರೆ ಮೂರು ಕಡೆ ಸಾಕು. ಹೋಗುವುದು ಪ್ಯಾರಿಸ್‌ಗೆ, ನಡುವೆ ಲೂಸರ್ನ್, ಮರಳುವುದು ರೋಮ್‌ನಿಂದ. ಒಂದೊಂದು ಕಡೆ ನಾಲ್ಕು ರಾತ್ರಿ. ಪ್ಯಾರಿಸ್‌ನಿಂದ ಬಾಸೆಲ್‌ಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ಲೂಸರ್ನ್‌ಗೆ ಒಂದು ಗಂಟೆ. ಲೂಸರ್ನ್ ಕಡೆಯಿಂದ ಮಿಲಾನ್‌ಗೆ ಹೋಗುವ ರೈಲು 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗದೊಳಗೆ ನುಗ್ಗುತ್ತದೆ. 2016ರಲ್ಲಿ ತೆರೆದ ಅದು ಜಗತ್ತಿನಲ್ಲೇ ಅತಿ ಉದ್ದದ ರೈಲು ಸುರಂಗ, ಮಕ್ಕಳಿಗೆ ಮೊದಲೇ ಹೇಳಿಟ್ಟಿರು. ಲಂಡನ್ ಈ ಸಲ ಬಿಡು. ಅದಕ್ಕೆ ಬೇರೆ ವೀಸಾ, ಬೇರೆ ಖರ್ಚು.

ವೀಸಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಷೆಂಗೆನ್ ವೀಸಾಗೆ ಹೊರಡುವ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವವರು ಅಷ್ಟು ಮುಂಚೆಯೇ ಎಚ್ಚೆತ್ತುಕೊಳ್ಳಬೇಕು, ಯಾಕೆಂದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಎಲ್ಲ ಕಡೆ ಸಮಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ದೊಡ್ಡವರಿಗೆ ಶುಲ್ಕ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಈ ವಿಮೆ ಮಾಡಿಸುವಾಗ ನಿಮ್ಮಪ್ಪನ ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಮುಚ್ಚಿಡದೆ ಬರೆಸು. ಮೊದಲೇ ಇರುವ ಕಾಯಿಲೆಗೆ ವಿಮೆ ಅನ್ವಯಿಸುತ್ತದೋ ಇಲ್ಲವೋ ಅಂತ ಕೇಳಿ, ಅದನ್ನು ಬರಹದಲ್ಲಿ ತೆಗೆದುಕೋ.

ಇನ್ನು ಕಾಲಿನ ವಿಷಯ. ಯುರೋಪ್ ಅಂದರೆ ನಡಿಗೆ ಕಣೇ. ಇದನ್ನು ಯಾರೂ ಹೊರಡುವ ಮುಂಚೆ ಸರಿಯಾಗಿ ಹೇಳುವುದಿಲ್ಲ. ಪ್ಯಾರಿಸ್ ಮೆಟ್ರೋ ಅಂದ ಕೂಡಲೇ ನಮ್ಮ ಬೆಂಗಳೂರಿನ ಮೆಟ್ರೋ ಕಣ್ಣಿಗೆ ಬರುತ್ತದೆ, ಪ್ರತಿ ನಿಲ್ದಾಣದಲ್ಲೂ ಲಿಫ್ಟ್, ಎಸ್ಕಲೇಟರ್. ಅಲ್ಲಿ ಹಾಗಿಲ್ಲ. ಅವರ ಮೆಟ್ರೋ ಶುರುವಾದದ್ದು 1900ರಲ್ಲಿ. ಹಳೆಯ ನಿಲ್ದಾಣಗಳಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗಬೇಕಾದರೆ ಹತ್ತು ಮೆಟ್ಟಿಲು ಇಳಿ, ಓಣಿಯಲ್ಲಿ ನಡೆ, ಇಪ್ಪತ್ತು ಮೆಟ್ಟಿಲು ಹತ್ತು, ಮತ್ತೆ ಇಳಿ. ಪೂರ್ತಿ ಲಿಫ್ಟ್ ಇರುವುದು 14ನೇ ಸಾಲಿನಲ್ಲಿ ಮಾತ್ರ. ಒಂದು ನಿಲ್ದಾಣದಲ್ಲಿ ನಿಮ್ಮ ಮಾವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿಯುತ್ತಿದ್ದರು. ಹಿಂದೆ ಬರುತ್ತಿದ್ದ ಜನ ಗದರದೆ, ತಳ್ಳದೆ ಪಕ್ಕಕ್ಕೆ ಸರಿದು ಹೋದರು. ಒಬ್ಬ ಹುಡುಗಿ ಏನೂ ಕೇಳದೆ ನಮ್ಮ ಚೀಲ ಎತ್ತಿ ಕೆಳಗಿಟ್ಟು ತನ್ನ ಪಾಡಿಗೆ ನಡೆದುಬಿಟ್ಟಳು. ಮಾರನೆಯ ದಿನದಿಂದ ನಾವು ಬಸ್ಸಿನಲ್ಲೇ ಓಡಾಡಿದೆವು. ನಿಧಾನ ನಿಜ, ಆದರೆ ಮೆಟ್ಟಿಲಿಲ್ಲ, ಕಿಟಕಿಯಾಚೆ ಊರೆಲ್ಲ ಕಾಣುತ್ತದೆ. ನೀವೂ ಬಸ್ಸನ್ನೇ ನೆಚ್ಚಿಕೊಳ್ಳಿ.

ರೋಮ್‌ನಲ್ಲಿ ಮೆಟ್ಟಿಲಿಗಿಂತ ರಸ್ತೆಯೇ ಕಷ್ಟ. ಹಳೆಯ ಬೀದಿಗಳಲ್ಲಿ ಚಿಕ್ಕ ಚಿಕ್ಕ ಕರಿಕಲ್ಲು ಹಾಸಿದ್ದಾರೆ, ಏರುಪೇರು. ತೆಳು ಅಟ್ಟೆಯ ಚಪ್ಪಲಿಯಲ್ಲಿ ಅರ್ಧ ದಿನಕ್ಕೇ ಪಾದ ಉರಿಯುತ್ತದೆ. ನಿಮ್ಮಮ್ಮ ಸೀರೆ ಉಡಲಿ, ಅದಕ್ಕೇನೂ ಅಡ್ಡಿಯಿಲ್ಲ, ಆದರೆ ಸೀರೆ ಕೆಳಗೆ ಒಳ್ಳೆಯ ಷೂ ಹಾಕಿಕೊಳ್ಳಲಿ. ಹೊಸ ಷೂ ಇಲ್ಲೇ ಹಾಕಿ ಹಾಕಿ ಹಳೆಯದಾಗಲಿ. ವೆನಿಸ್‌ಗೆ ಹೋಗಲೇಬೇಕು ಅಂದರೆ ಪೆಟ್ಟಿಗೆ ಎಳೆದುಕೊಂಡು ಹೋಗಬೇಡ. ಅಲ್ಲಿ ನಾನೂರಕ್ಕೂ ಹೆಚ್ಚು ಸೇತುವೆ, ಬಹುಪಾಲು ಎಲ್ಲಕ್ಕೂ ಮೆಟ್ಟಿಲು, ದ್ವೀಪಗಳೊಳಗೆ ವಾಹನವೇ ಇಲ್ಲ.

ಪ್ಯಾರಿಸ್‌ನಲ್ಲಿ ಲೂವ್ರ್ ವಸ್ತುಸಂಗ್ರಹಾಲಯ ನೋಡುತ್ತೀರಿ. ಮಂಗಳವಾರ ರಜೆ, ಹೊತ್ತು ಗೊತ್ತುಮಾಡಿ ಟಿಕೆಟ್ ತೆಗೆದುಕೊಳ್ಳಬೇಕು, ಹದಿನೆಂಟರೊಳಗಿನ ಮಕ್ಕಳಿಗೆ ಉಚಿತ. ಮೋನಾಲಿಸಾ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ಆ ಚಿತ್ರದ ಎತ್ತರ 77 ಸೆಂಟಿಮೀಟರ್, ಅಗಲ 53. ಗಾಜಿನ ಹಿಂದೆ, ಕಟಕಟೆಯ ಆಚೆ ಇದೆ. ಅದರ ಮುಂದೆ ನೂರಾರು ಕೈಗಳು ಫೋನ್ ಎತ್ತಿ ಹಿಡಿದಿರುತ್ತವೆ. ನಮ್ಮ ಮೊಮ್ಮಗನಿಗೆ ಕಂಡದ್ದು ಬೆನ್ನುಗಳು ಮಾತ್ರ. ಅದೇ ಕಟ್ಟಡದಲ್ಲಿ ಮೆಟ್ಟಿಲ ತುದಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ಗ್ರೀಕ್ ವಿಜಯದೇವತೆಯ ಕಲ್ಲಿನ ಮೂರ್ತಿ ಇದೆ, ಸಾಮೋಥ್ರೇಸ್ ದ್ವೀಪದ್ದು. ತಲೆಯಿಲ್ಲ, ಕೈಯಿಲ್ಲ. ಆದರೂ ಗಾಳಿಗೆ ಮೈಗೆ ಅಂಟಿಕೊಂಡ ಬಟ್ಟೆಯ ನಿರಿಗೆಯನ್ನು ಕಲ್ಲಿನಲ್ಲಿ ಹೇಗೆ ಬಿಡಿಸಿದ್ದಾರೆ ಅಂದರೆ, ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಬೆಳೆದ ಕಣ್ಣೂ ಅಲ್ಲಿ ನಿಂತುಬಿಡುತ್ತದೆ. ಪಟ್ಟಿಯಲ್ಲಿ ಗುರುತು ಹಾಕುವುದಕ್ಕೆ ಮೋನಾಲಿಸಾ ನೋಡಿ, ಮನಸ್ಸಿಗೆ ಅಂತ ಆ ಮೂರ್ತಿಯ ಮುಂದೆ ಮಕ್ಕಳನ್ನು ಕೂರಿಸು. ರಾಜರ ಅರಮನೆಯಾಗಿದ್ದ ಆ ಕಟ್ಟಡವನ್ನು ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಜನಸಾಮಾನ್ಯರಿಗೆ ತೆರೆದರು ಅನ್ನುವುದನ್ನೂ ಅವರಿಗೆ ಹೇಳು. ಐಫೆಲ್ ಗೋಪುರದ ದೀಪ ಮಿನುಗುವುದು ಕತ್ತಲಾದ ಮೇಲೆ, ಗಂಟೆಗೊಮ್ಮೆ ಐದು ನಿಮಿಷ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗಲೇ ರಾತ್ರಿ ಸುಮಾರು ಹತ್ತು ಗಂಟೆ. ಅವತ್ತು ಮಕ್ಕಳೂ ಹಿರಿಯರೂ ಮಧ್ಯಾಹ್ನ ಮಲಗಿ ಏಳಲಿ.

ಸ್ವಿಟ್ಜರ್ಲೆಂಡಿನಲ್ಲಿ ಎಲ್ಲರೂ ಯುಂಗ್‌ಫ್ರಾವ್‌ಯೋಖ್‌ಗೆ ಹೋಗುತ್ತಾರೆ. ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ, 3,454 ಮೀಟರ್. ಬೆಟ್ಟದ ಹೊಟ್ಟೆ ಕೊರೆದು 1912ರಲ್ಲೇ ಅಲ್ಲಿಗೆ ರೈಲು ಮುಟ್ಟಿಸಿದ ಸಾಹಸಕ್ಕೆ ಕೈಮುಗಿಯಬೇಕು. ಆದರೆ ಬಹಳ ದುಬಾರಿ, ಮೋಡ ಕವಿದರೆ ಏನೂ ಕಾಣುವುದಿಲ್ಲ, ಅಷ್ಟೆತ್ತರದಲ್ಲಿ ಗಾಳಿ ತೆಳು. ಎದೆಯ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹತ್ತಬಾರದು. ನಿಮ್ಮಪ್ಪನಿಗೆ ನಾನು ರೀಗಿ ಬೆಟ್ಟ ಸೂಚಿಸುತ್ತೇನೆ. ಸುಮಾರು 1,800 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕಡಿಮೆಯೇ. ಹಲ್ಲುಗಾಲಿಯ ಪುಟ್ಟ ರೈಲು 1871ರಿಂದ ಆ ಬೆಟ್ಟ ಹತ್ತುತ್ತಿದೆ, ಯುರೋಪಿನ ಬೆಟ್ಟದ ರೈಲುಗಳಲ್ಲಿ ಅದೇ ಮೊದಲನೆಯದು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಬೇರೆ ಟಿಕೆಟ್ ಬೇಡ. ತಂದೆ ಅಥವಾ ತಾಯಿಯ ಜೊತೆಗೆ ಬರುವ ಹದಿನಾರರೊಳಗಿನ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಅಂತ ಕೊಡುತ್ತಾರೆ, ಅವರಿಗೆ ಖರ್ಚೇ ಇಲ್ಲ.

ರೀಗಿಗೆ ಲೂಸರ್ನ್‌ನಿಂದ ದೋಣಿಯಲ್ಲೇ ಹೋಗಿ. ಆ ಸರೋವರದಲ್ಲಿ ನೂರು ವರ್ಷ ಹಳೆಯ ಆವಿ ದೋಣಿಗಳು ಇಂದಿಗೂ ಓಡುತ್ತವೆ, ಎರಡೂ ಪಕ್ಕ ದೊಡ್ಡ ಚಕ್ರ. ದೋಣಿಯ ನಡುವೆ ಬಗ್ಗಿ ನೋಡಿದರೆ ಕೆಳಗೆ ಎಂಜಿನ್ ಕಾಣುತ್ತದೆ. ಎಣ್ಣೆ ಹಚ್ಚಿ ತಿಕ್ಕಿದ ಹಿತ್ತಾಳೆ, ತೊಡೆ ಗಾತ್ರದ ಉಕ್ಕಿನ ತೋಳುಗಳು ಮೇಲೆ ಕೆಳಗೆ ಆಡುತ್ತಿರುತ್ತವೆ, ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ನಮ್ಮ ಮೊಮ್ಮಗ ಹಿಮದ ಬೆಟ್ಟಕ್ಕೆ ಬೆನ್ನು ಹಾಕಿ ಅಲ್ಲೇ ಕಂಬಿ ಹಿಡಿದು ನಿಂತುಬಿಟ್ಟಿದ್ದ. ನಿಮ್ಮ ಮಾವ ರೈಲ್ವೆ ವರ್ಕ್‌ಷಾಪಿನಲ್ಲಿ ಕೆಲಸ ಮಾಡಿದವರು, ಯಾವ ಭಾಗ ಏನು ಮಾಡುತ್ತದೆ ಅಂತ ಅವನಿಗೆ ವಿವರಿಸುತ್ತಾ ನಿಂತರು. ಇಡೀ ಪ್ರವಾಸದಲ್ಲಿ ತಾತ ಮೊಮ್ಮಗ ಅಷ್ಟು ಹೊತ್ತು ಒಟ್ಟಿಗೆ ಮಾತಾಡಿದ್ದು ಅಲ್ಲೇ. ದಿನಕ್ಕೊಂದು ಊರು ಅಂದುಕೊಂಡಿದ್ದರೆ ಆ ದೋಣಿಗೆ ನಮಗೆ ಸಮಯವೇ ಇರುತ್ತಿರಲಿಲ್ಲ.

ಊಟಕ್ಕೆ ಹೆದರಬೇಡ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿ. ಅಕ್ಕಿ, ಮೊಸರು, ತರಕಾರಿ, ಹಣ್ಣು ಎಲ್ಲ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ, ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಮಾತ್ರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ಇಲ್ಲಿಂದ ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ, ಉಪ್ಪಿನಕಾಯಿ ಸಾಕು. ತುಪ್ಪ, ಪೇಡ ಕಟ್ಟಬೇಡ, ಹೊರದೇಶದ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಒಕ್ಕೂಟದೊಳಗೆ ತರುವಂತಿಲ್ಲ. ಕರಿಬೇವಿನಂಥ ಹಸಿ ಸೊಪ್ಪಿಗೂ ಪ್ರಮಾಣಪತ್ರ ಕೇಳುತ್ತಾರೆ. ಹೊರಗೆ ಸೂಪ್ ಕುಡಿಯುವ ಮುಂಚೆ ಕೇಳಬೇಕು, ತರಕಾರಿ ಸೂಪಿಗೂ ಮಾಂಸದ ಸಾರು ಹಾಕುವುದುಂಟು. ಪಾರ್ಮೆಸಾನ್ ಚೀಸ್ ಮಾಡುವಾಗ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ನಿಮ್ಮಮ್ಮನಿಗೆ ಇದನ್ನು ತಿಳಿಸಿ ನಿರ್ಧಾರ ಅವರಿಗೇ ಬಿಡು. ತಿಂದ ಮೇಲೆ ಗೊತ್ತಾಗುವುದು ಸರಿಯಲ್ಲ.

ನೀರಿಗೆ ದುಡ್ಡು ಸುರಿಯಬೇಡಿ. ರೋಮ್‌ನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಲ್ಲಿಗಳು ಹಗಲೂ ರಾತ್ರಿ ಹರಿಯುತ್ತವೆ, ತಣ್ಣಗಿನ ಒಳ್ಳೆಯ ನೀರು. ಎಲ್ಲರ ಕೈಯಲ್ಲೂ ಒಂದು ಬಾಟಲಿ ಇರಲಿ. ಶೌಚಾಲಯಕ್ಕೆ ಮಾತ್ರ ಬಹಳ ಕಡೆ ಕಾಸು ಕೊಡಬೇಕು, ಚಿಲ್ಲರೆ ನಿಮ್ಮಮ್ಮನ ಕೈಯಲ್ಲೇ ಕೊಟ್ಟಿರು, ಪ್ರತಿ ಸಲ ಮಕ್ಕಳ ಹತ್ತಿರ ಕೇಳುವ ಮುಜುಗರ ಬೇಡ. ಒಳಗೆ ನೀರಿರುವುದಿಲ್ಲ. ಒಂದು ಪುಟ್ಟ ಬಾಟಲಿ ಚೀಲದಲ್ಲಿದ್ದರೆ ನೆಮ್ಮದಿ.

ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯೋ ಯೂರೋನೋ ಅಂತ ಕೇಳಿದರೆ ಯೂರೋ ಒತ್ತು, ರೂಪಾಯಿ ಒತ್ತಿದರೆ ಕೆಟ್ಟ ದರ ಹಾಕುತ್ತಾರೆ. ಜೇಬುಗಳ್ಳರು ಇದ್ದಾರೆ, ಪ್ಯಾರಿಸ್‌ನಲ್ಲೂ ರೋಮ್‌ನಲ್ಲೂ. ಸಹಿ ಹಾಕಿ ಅಂತ ಕಾಗದ ಚಾಚುವವರು, ಕೈಗೆ ದಾರ ಕಟ್ಟಲು ಬರುವವರು ಎದುರಾದರೆ ನಿಲ್ಲದೆ ಮುಂದೆ ನಡೆಯಿರಿ. ಪಾಸ್‌ಪೋರ್ಟ್ ಒಳಚೀಲದಲ್ಲಿರಲಿ. ಯಾವ ತುರ್ತಿಗೂ 112.

ಪ್ಯಾರಿಸ್‌ನಲ್ಲಿ ಸಿಗರೇಟು ತುಂಡು, ಮೂಲೆಯಲ್ಲಿ ಉಚ್ಚೆ ವಾಸನೆ, ಬೀದಿಯಲ್ಲಿ ಮಲಗಿದ ನಿರ್ಗತಿಕರು ಎಲ್ಲ ಕಾಣುತ್ತಾರೆ. ಅದನ್ನು ಮಕ್ಕಳಿಂದ ಮರೆಮಾಡಬೇಡ. ಹಾಗೆಯೇ, ಜೀಬ್ರಾ ಗುರುತಿನ ಹತ್ತಿರ ನಿಮ್ಮಪ್ಪ ಕಾಲಿಟ್ಟ ಕೂಡಲೇ ಕಾರು ನಿಲ್ಲುವುದನ್ನೂ ಅವರು ನೋಡಲಿ. ವಯಸ್ಸಾದವರು ಒಬ್ಬರೇ ಕೋಲೂರಿಕೊಂಡು ಸಂತೆಗೆ ಹೋಗಿ ಬರುತ್ತಾರೆ, ಗಾಲಿಕುರ್ಚಿಯವರು ಯಾರ ಸಹಾಯವಿಲ್ಲದೆ ಬಸ್ ಹತ್ತುತ್ತಾರೆ. ಕೋಟೆ ಅರಮನೆಗಿಂತ ನನ್ನ ಹೊಟ್ಟೆ ಉರಿಸಿದ್ದು ಆ ಕಾಲುದಾರಿಗಳು. ನಮ್ಮ ಊರಿನಲ್ಲಿ ಅರವತ್ತು ದಾಟಿದವರು ರಸ್ತೆ ದಾಟಲು ಅಂಜಿ ಮನೆಯೊಳಗೆ ಕೂತಿದ್ದಾರೆ. ಮಕ್ಕಳು ಅದನ್ನು ನೋಡಿ ಬಂದು ಇಲ್ಲಿ ಕೇಳಬೇಕು, ಯಾಕಿಲ್ಲ ಅಂತ. ಅಲ್ಲಿನವರ ರೀತಿಗೆ ಮರ್ಯಾದೆ ಕೊಡುವುದನ್ನೂ ಕಲಿಸು. ಅಂಗಡಿಗೆ ಹೊಕ್ಕಾಗ ಮೊದಲು ಬೋನ್‌ಜೂರ್ ಅನ್ನಬೇಕು, ರೈಲಿನಲ್ಲಿ ಸಣ್ಣ ದನಿಯಲ್ಲಿ ಮಾತಾಡಬೇಕು, ಫೋನಿನ ವಿಡಿಯೊ ಎಲ್ಲರಿಗೂ ಕೇಳಿಸಬಾರದು. ಚರ್ಚಿನೊಳಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಬೇಕು.

ಕೊನೆಗೆ ನಿಮ್ಮಮ್ಮನ ಮಾತು. ಮನೆಯಲ್ಲಿ ಎಲ್ಲರೂ ತಮಗೆ ಬೇಕಾದ್ದು ಹೇಳಿರುತ್ತೀರಿ, ಅವಳು ಮಾತ್ರ "ನಿಮಗೆ ಹೇಗೆ ಅನುಕೂಲವೋ ಹಾಗೆ" ಅಂದಿರುತ್ತಾಳೆ. ಅತ್ತಿಗೆಯನ್ನು ನಾನು ಬಲ್ಲೆ. ಅಷ್ಟಕ್ಕೇ ಬಿಡಬೇಡ, ಪಕ್ಕದಲ್ಲಿ ಕೂತು ಇನ್ನೊಮ್ಮೆ ಕೇಳು. ಒಂದೇ ಒಂದು ಜಾಗದ ಹೆಸರು ಹೇಳಿದರೂ ಸರಿ, ಟಿಕೆಟ್ ತೆಗೆಯುವ ಮುಂಚೆ ಅದಕ್ಕೊಂದು ಪೂರ್ತಿ ದಿನ ಎತ್ತಿಡು.